ಮೂರೋ ನಾಲ್ಕೋ

ಇಜು ಕರಾವಳಿಯ ಆ ಹವಾಮಾನ ಕೇಂದ್ರದಲ್ಲಿ ಮಳೆ ಅಳೆಯಲು ಒಂದು ಡಬ್ಬಿ, ಗಾಳಿ ಅಳೆಯಲು ತಿರುಗುವ ಬಟ್ಟಲುಗಳು ಇದ್ದವು. ನೆಲ ನಡುಗಿದಾಗ ಅದರ ತೀವ್ರತೆಗೆ ಅಂಕ ಕೊಡುತ್ತಿದ್ದದ್ದು ಮಾತ್ರ ಅಲ್ಲಿನ ವೀಕ್ಷಕ ಕುರಾಮೊಚಿಯ ಮೈ. ಆಗೆಲ್ಲ ಹಾಗೆಯೇ, ಕುರ್ಚಿಯಲ್ಲಿ ಕೂತವನಿಗೆ ಎಷ್ಟು ಅನ್ನಿಸಿತೋ ಅದೇ ಅಂಕ. ತೂಗುದೀಪ ಓಲಾಡಿದರೆ ಮೂರು, ಹೂದಾನಿ ಉರುಳಿದರೆ ನಾಲ್ಕು, ಸಮಾಧಿಗಲ್ಲು ಬಿದ್ದರೆ ಐದು ಎಂದು ಗೋಡೆಯ ಮೇಲೆ ಬರೆದಿತ್ತು. ಕುರಾಮೊಚಿ ಅತ್ತ ನೋಡಿದ್ದೇ ಕಡಿಮೆ. ಮೊದಲು ಅಂಗಾಲಿಗೆ ತಿಳಿಯುತ್ತಿತ್ತು, ಆಮೇಲೆ ಎದೆಗೆ; ಅಷ್ಟರಲ್ಲಿ ಬಾಯಿ ಅಂಕ ಹೇಳಿಯಾಗಿರುತ್ತಿತ್ತು. 'ಕುಡಿದಾಗ್ಲೂ ತಪ್ಪಲ್ಲ ಈ ಮನುಷ್ಯ' ಎಂದು ಜೊತೆಯವರು ನಗುತ್ತಿದ್ದರು.

ಆ ಚಳಿಗಾಲದಲ್ಲಿ ಅವನ ಎಡಗಿವಿ ಕೆಟ್ಟು ತಲೆಸುತ್ತು ಶುರುವಾಯಿತು. ಹಲ್ಲುಜ್ಜುವಾಗ ನೆಲ ತೇಲಿದಂತಾಗುವುದು. ಪಕ್ಕದಲ್ಲೇ ಹೆಂಡತಿ ನಿಶ್ಚಿಂತೆಯಾಗಿ ಅನ್ನ ಬಡಿಸುತ್ತಿರುವಳು. ಕೇಂದ್ರದಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ ಊರಿನಲ್ಲಿ ಅವನು ಯಾರೂ ಅಲ್ಲ. ಮೇಜಿನ ಮೇಲೆ ಚಹಾ ತುಂಬಿಸಿಟ್ಟುಕೊಂಡು, ಕುಡಿಯದೆ, ನಡುಗಿದ್ದು ನೆಲವೋ ತಾನೋ ಎಂದು ತಿಳಿಯಲು ಅದರ ಮೇಲ್ಮೈಯನ್ನೇ ಕಾಯತೊಡಗಿದ.

ವಸಂತದಲ್ಲಿ ಸಮುದ್ರದಡಿಯಿಂದ ಒಂದರ ಹಿಂದೊಂದು ನಡುಕ ಶುರುವಾಯಿತು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಯಾರೋ ಕುರ್ಚಿಯನ್ನೇ ಎತ್ತಿ ಇಳಿಸಿದಂತಾಯಿತು. ಎದೆ ನಾಲ್ಕು ಎಂದಿತು. ಚಹಾ ಬರೀ ಸುಕ್ಕುಗಟ್ಟಿ ಸುಮ್ಮನಾಯಿತು.

ಅಂಕ ಕೇಳಲು ಫೋನು ಬಡಿದುಕೊಂಡಿತು. ನಾಲ್ಕೆಂದರೆ ರೈಲು ನಿಲ್ಲುತ್ತದೆ, ಬಿಸಿನೀರಿನ ಛತ್ರಗಳಿಂದ ಜನ ಗಂಟುಮೂಟೆ ಕಟ್ಟುತ್ತಾರೆ. ನಾಲ್ಕಾಗಿದ್ದು ಮೂರೆಂದರೆ ಹಳಿ ನೋಡಲು ಯಾರೂ ಹೋಗುವುದಿಲ್ಲ.

ಹೊಸದಾಗಿ ಸೇರಿದ್ದ ಮಿಯಾಬೆ ಎಂಬ ಹುಡುಗಿ ಪೆನ್ನು ಹಿಡಿದು ಅವನ ಮುಖ ನೋಡುತ್ತಿದ್ದಳು. "ಎಷ್ಟು ಬರ್ಕೊಳ್ಳಲಿ, ಕುರಾಮೊಚಿ ಸಾನ್?"

"ನಿಮಗೆಷ್ಟು ಅನ್ನಿಸ್ತು?"

"ನನ್ನ ಕೇಳ್ತಿದೀರಾ? ಹಸಿದಾಗ ಅಂಕ ಸರಿ ಬರಲ್ಲ ಅಂತ ನೀವೇ ಅಂದಿದ್ರಿ."

"ಹೇಳಿ."

"ಮೂರು... ಮೂರೇ."

ಕುರಾಮೊಚಿ ಫೋನಿನಲ್ಲಿ ಮೂರು ಎಂದ.

ರಿಸೀವರ್ ಇಡುವ ಮುನ್ನವೇ ಮತ್ತೆ ಬಂತು. ಕಿಟಕಿಗಳು ಗಡಗಡ ಎಂದವು, ಹೂದಾನಿ ಉರುಳಿತು, ಚಹಾ ಮೇಜಿನ ತುಂಬ ಚೆಲ್ಲಿತು. ಅವನ ಎದೆಗೆ ತಿಳಿದದ್ದು ಮೊದಲಿನಷ್ಟೇ, ಒಂದು ಕೂದಲೆಳೆಯೂ ಹೆಚ್ಚಿಲ್ಲ. ಅವನಿಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ರಿಸೀವರನ್ನು ಹುಡುಗಿಯ ಕಡೆ ಚಾಚಿದ. "ನೀವೇ ಹೇಳಿ. ಇನ್ಮೇಲೆ ನನ್ನ ಕೇಳಬೇಡಿ."

ಅವಳು ಉರುಳಿದ ಹೂದಾನಿಯತ್ತ ನೋಡಿದಳು. "ನಾಲ್ಕು" ಎಂದಳು, ಗಟ್ಟಿಯಾಗಿ.

ಬಾಗಿಲಲ್ಲಿ ಕೇಂದ್ರದ ಮುಖ್ಯಸ್ಥ ಒಗಾವಾರಾ ಎಲ್ಲ ಕೇಳಿಸಿಕೊಂಡು ನಿಂತಿದ್ದ. "ತಲೆ ಸುತ್ತುತ್ತಾ? ಕಿವಿಯಾ?"

"ಹೌದು. ಚಳಿಗಾಲದಿಂದ."

"ದಿನಾ ಆ ತಣ್ಣಗಿನ ಚಹಾ ನೋಡ್ತಿದ್ದೆ. ಜಿಪುಣತನ ಶುರುವಾಯ್ತು ಅಂದ್ಕೊಂಡೆ." ಅವನು ನಗಲಿಲ್ಲ. "ಕುರ್ಚಿ ಮಿಯಾಬೆಗಿರಲಿ. ಕಣ್ಣು ಸರಿಯಿದೆಯಲ್ಲ? ಊರಿಗಿಳಿದು ಏನೇನು ಬಿದ್ದಿದೆ ನೋಡ್ಕೊಂಡು ಬನ್ನಿ."

ಸೈಕಲ್ ಹತ್ತುವ ಧೈರ್ಯವಾಗದೆ ಕುರಾಮೊಚಿ ಅದನ್ನು ತಳ್ಳಿಕೊಂಡೇ ಇಳಿದ. ಹೆಂಡದಂಗಡಿಯ ಅಜ್ಜಿ ಒಡೆದ ಬಾಟಲಿಗಳ ಗಾಜು ಗುಡಿಸುತ್ತಿದ್ದಳು.

"ಬಂದ್ಯಾ? ಎಷ್ಟಪ್ಪಾ ಇದು? ನಿನ್ನ ಮೈ ಏನನ್ನುತ್ತೆ?"

"ನನ್ನ ಮೈ ಬಿಡಿ ಅಜ್ಜಿ. ಮೇಲಿನ ಸಾಲಿಂದ ಬಿದ್ದವೋ, ಕೆಳಗಿಂದಲೂ ಬಿದ್ದವೋ?"

"ಮೇಲಿನವು ಮಾತ್ರ. ಕೆಳಗಿದ್ದದ್ದು ಅಗ್ಗದ್ದು, ಅದೆಲ್ಲಿ ಬೀಳುತ್ತೆ."

ನೆಲ ಇನ್ನೂ ತೇಲುತ್ತಿತ್ತು. ಅವನು ಕಪಾಟಿನ ಅಂಚನ್ನು ಹಿಡಿದು ಕುಕ್ಕರಗಾಲಲ್ಲಿ ಕೂತು, ಉಳಿದ ಬಾಟಲಿಗಳು ಯಾವ ಕಡೆಗೆ ಸರಿದಿವೆಯೆಂದು ನೋಡತೊಡಗಿದ.