ಅಕ್ಕನ ತೋಳಿನ ಗುಂಡಿ

ಬೈಲಹೊಂಗಲದ ಬಜಾರದಲ್ಲಿರುವ ಒಂದು ಲ್ಯಾಬಿನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಸೂಜಿ ಕಂಡು ಹೆದರುವವರನ್ನು ಬೈದೇ ಕೂರಿಸುತ್ತೇನೆ. ಬೈದರೆ ಜನ ಬೇಗ ತೋಳು ಚಾಚುತ್ತಾರೆ. ನಿನ್ನೆ ಏನು ತಿಂದಿರಿ ಎಂದು ಕೇಳಿದರೆ ಊರಿಗೆ ಊರೇ ಒಂದು ರೊಟ್ಟಿ ತಿಂದಿರುತ್ತದೆ, ಅದೂ ಅರ್ಧ ಬಿಟ್ಟು. ಅಂಥವರಿಗೆ ನಾನು, "ನೀವು ಸುಳ್ಳ ಹೇಳ್ರಿ, ನಿಮ್ಮ ರಕ್ತ ನನಗ ಖರೇ ಹೇಳತೈತಿ" ಎನ್ನುತ್ತಿದ್ದೆ. ಈಗ ಆ ಮಾತು ಆಡುವುದಿಲ್ಲ. ಬೈಯುವುದನ್ನು ಕಡಿಮೆ ಮಾಡಿದ್ದೇನೆ, ಪೂರ್ತಿ ಬಿಟ್ಟಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ.

ನನ್ನನ್ನು ಬೆಳೆಸಿದವಳು ಅಕ್ಕ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅವಳು ಮದುವೆಯಾಗಿ ರಾಮದುರ್ಗಕ್ಕೆ ಹೋಗುವಾಗ ತನ್ನ ಟ್ರಂಕಿನ ಜೊತೆ ನನ್ನನ್ನೂ ಕರೆದೊಯ್ದಳು. ಭಾವ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಅಲ್ಲೇ ಓದಿದೆ, ಅಲ್ಲೇ ಮೀಸೆ ಬಂತು. ಅಕ್ಕ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಾಳೆ. ಹಿತ್ತಲ ಶೆಡ್ಡಿನಲ್ಲಿ ಎರಡು ಕಟ್ಟಿಗೆ ಒಲೆ. ಆಗ ಒಂದರ ಮುಂದೆ ಅಕ್ಕ, ಇನ್ನೊಂದರ ಮುಂದೆ ಮೂರು ಮನೆ ಆಚೆ ಇರುವ ಹೆಣ್ಣುಮಗಳೊಬ್ಬಳು. ಕಡ್ಡಿಯಂಥ ಮೈ, ಗಟ್ಟಿ ಕೈ. ಭಾವ ರೊಟ್ಟಿ ಕಟ್ಟಿಕೊಂಡು ಗಾಡಿಯ ಮೇಲೆ ಹಂಚಿ ಬರುತ್ತಾರೆ.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಪಾದಗಳಲ್ಲಿ ಸ್ಪರ್ಶವೇ ಇರಲಿಲ್ಲ. ಒಮ್ಮೆ ಒಂದು ಚಪ್ಪಲಿ ಎಲ್ಲೋ ಕಳಚಿ ಬಿದ್ದು, ಅದು ಗೊತ್ತಾಗದೆ ಸಂತೆಯೆಲ್ಲ ಸುತ್ತಿ ಮನೆಗೆ ಬಂದು, ತಾನೇ ನಕ್ಕಿದ್ದಳು. ಕಾರಹುಣ್ಣಿಮೆಯ ಹಿಂದಿನ ವಾರ ಒಲೆಯಿಂದ ಒಂದು ಕೆಂಡ ಸಿಡಿದು ಅವಳ ಎಡಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಸುಟ್ಟ ವಾಸನೆ ಬಂದಾಗ, "ಏ, ರೊಟ್ಟಿ ಹೊತ್ತಾಕ ಹತ್ತೈತಿ ನೋಡ" ಎಂದು ಪಕ್ಕದ ಒಲೆಯವಳನ್ನು ಗದರಿಸಿದಳಂತೆ. ಹೊತ್ತುತ್ತಿದ್ದುದು ಅವಳದೇ ಬೆರಳು.

ಬೈಲಹೊಂಗಲಕ್ಕೆ ಕರೆತಂದು ನಮ್ಮ ಲ್ಯಾಬಿನ ಪಕ್ಕದ ಡಾಕ್ಟರಿಗೆ ತೋರಿಸಿದೆ. ಅವರು ಗಾಯ ತೊಳೆದು, ಕಟ್ಟಿ, ನನ್ನನ್ನು ಹೊರಗೆ ಕರೆದು ಹೇಳಿದರು: "ಮೂರು ತಿಂಗಳು ಶುಗರ್ ಹಿಡತದಾಗ ಇದ್ರ ಗಾಯ ಮಾಯತೈತಿ. ಇರಲಿಲ್ಲಂದ್ರ ಬೆರಳಿಗೆ ನಿಲ್ಲೂದಿಲ್ಲ, ಕಾಲ ಹೋಗತೈತಿ. ನಿಮಗ ಬಿಡಿಸಿ ಹೇಳೂದು ಬ್ಯಾಡ." ಬೇಡವಾಗಿತ್ತು. ಅಂಥ ಕಾಲುಗಳ ರಿಪೋರ್ಟು ಬರೆದೇ ನನ್ನ ಅರ್ಧ ಆಯುಷ್ಯ ಹೋಗಿದೆ.

ಆಗ ತರಿಸಿದ್ದು ಆ ಸೆನ್ಸರ್. ಎರಡು ರೂಪಾಯಿ ನಾಣ್ಯದಷ್ಟು ಅಗಲದ ಬಿಳಿ ಬಿಲ್ಲೆ. ತೋಳಿನ ಹಿಂಭಾಗಕ್ಕೆ ಒತ್ತಿದರೆ ಕೂದಲಿನಷ್ಟು ಸಣ್ಣ ಎಳೆಯೊಂದು ಚರ್ಮದೊಳಗೆ ಕೂರುತ್ತದೆ, ನೋವು ಇರುವೆ ಕಚ್ಚಿದಷ್ಟೂ ಇಲ್ಲ. ಅಲ್ಲಿನ ನೀರಿನಂಶದಲ್ಲಿ ಸಕ್ಕರೆ ಎಷ್ಟಿದೆ ಎಂದು ಹದಿನಾಲ್ಕು ದಿನ ಅಳೆದು ಹತ್ತಿರದ ಫೋನಿಗೆ ಕಳಿಸುತ್ತದೆ. ಅಕ್ಕನ ಫೋನಿಗೆ ಬಂದದ್ದು ಬೈಲಹೊಂಗಲದಲ್ಲಿ ನನ್ನ ಫೋನಿನಲ್ಲೂ ಗೆರೆಯಾಗಿ ಕಾಣುತ್ತಿತ್ತು. ಅಕ್ಕ ಅದಕ್ಕೆ ಗುಂಡಿ ಎನ್ನುತ್ತಿದ್ದಳು. "ಅಂಗಿ ಇಲ್ಲದ ಗುಂಡಿ ಹಚ್ಚೀಯಲ್ಲೋ" ಎಂದು ಮೊದಲ ದಿನ ನಕ್ಕಳು.

ಆಮೇಲೆ ನಗಲು ನಾನು ಬಿಡಲಿಲ್ಲ. ಗೆರೆ ಏರಿದ ಕೂಡಲೇ ಫೋನು ಹಚ್ಚುತ್ತಿದ್ದೆ. ಲ್ಯಾಬಿನಲ್ಲಿ ಒಂದು ಕೈಯಲ್ಲಿ ಮಂದಿಯ ತೋಳು, ಇನ್ನೊಂದು ಕೈಯಲ್ಲಿ ಫೋನು.

"ಅಕ್ಕಾ, ಏನ ತಿಂದಿ?"

"ಏನಿಲ್ಲಪಾ, ಒಂದ ಕಪ್ ಚಾ."

"ಚಾಕ್ಕ ಇನ್ನೂರಾ ಎಂಬತ್ತಕ್ಕ ಏರತೈತೇನ? ಬೆಲ್ಲದ ಡಬ್ಬಿ ಮುಂದಿಟ್ಟಕೊಂಡ ಕುಂತೀಯೇನ?"

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ನಾನು ಇನ್ನಷ್ಟು ಬೈದು ಇಡುತ್ತಿದ್ದೆ. ದಿನಕ್ಕೆ ಮೂರು ಸಲ, ನಾಲ್ಕು ಸಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆಗ ಅದು ಸಿಟ್ಟಲ್ಲ, ಅಂಜಿಕೆ. ಅಂಜಿಕೆಗೆ ನನ್ನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಎರಡನೆಯ ಸೆನ್ಸರು ಹಚ್ಚಲು ನಾನೇ ಹೋದಾಗಲೂ ಜಗಳವಾಯಿತು. ಅದರ ಮುಂದಿನ ವಾರ ಒಂದು ಬೆಳಿಗ್ಗೆ ಮುನ್ನೂರು ದಾಟಿದ್ದು ಕಂಡು ಹೇಳಿಬಿಟ್ಟೆ: "ಕಾಲ ಕಡಿಸ್ಕೊಂಡ ಕುಂಡ್ರು. ನಾ ಬಂದ ನೋಡೂದಿಲ್ಲ." ಅಕ್ಕ "ಆತಪಾ" ಎಂದಳು.

ಮೂರನೆಯ ಸೆನ್ಸರಿನ ಹೊತ್ತಿಗೆ ನಮ್ಮ ಲ್ಯಾಬಿನವರು ಕಿತ್ತೂರಿನಲ್ಲಿ ರಕ್ತ ಸಂಗ್ರಹಿಸಲು ಒಂದು ಕೋಣೆ ಹಿಡಿದರು. ವಾರಕ್ಕೆ ನಾಲ್ಕು ಬೆಳಿಗ್ಗೆ ನಾನು ಅಲ್ಲಿ. ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋಗಿ ಬರುವಷ್ಟು ಬಿಡುವಿರಲಿಲ್ಲ. ಸೆನ್ಸರಿನ ಡಬ್ಬಿಯನ್ನು ಪರಿಚಯದ ಬಸ್ ಡ್ರೈವರನ ಕೈಯಲ್ಲಿ ಕಳಿಸಿದೆ, ಭಾವ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡರು. ಹಚ್ಚುವುದನ್ನು ಅಕ್ಕ ಎರಡು ಸಲ ನೋಡಿದ್ದಳು. "ನಾನ ಒತ್ತಗೋತೇನಿ ಬಿಡ" ಎಂದಳು.

ಮರುದಿನದಿಂದ ಗೆರೆ ಇಳಿಯಿತು. ಇಳಿದದ್ದಷ್ಟೇ ಅಲ್ಲ, ಹಾಸಿದ ಚಾಪೆಯ ಹಾಗೆ ಮಲಗಿತು. ಬೆಳಿಗ್ಗೆ ತೊಂಬತ್ತು, ಊಟವಾದ ಮೇಲೆ ನೂರಾ ಇಪ್ಪತ್ತು, ಮತ್ತೆ ತೊಂಬತ್ತೈದು. ಮೂರು ದಿನ ಸುಮ್ಮನೆ ನೋಡಿದೆ. ನಾಲ್ಕನೆಯ ದಿನ ಫೋನು ಮಾಡಿ, "ಶಾಬಾಸ್ ಅಕ್ಕಾ" ಎಂದೆ. ಬೈದದ್ದರ ಫಲ ಎಂದು ಒಳಗೊಳಗೇ ಬೀಗಿದೆ. ಗೆರೆಯನ್ನು ಡಾಕ್ಟರಿಗೆ ತೋರಿಸಿದವನೂ ನಾನೇ. ಇನ್ಸುಲಿನ್ ಶುರು ಮಾಡೋಣ ಎಂದುಕೊಂಡಿದ್ದವರು ಅದನ್ನು ನೋಡಿ, ಸದ್ಯಕ್ಕೆ ಬೇಡ, ಇದ್ದ ಮಾತ್ರೆ ಮುಂದುವರಿಸಲಿ ಎಂದರು.

ಆಮೇಲಿನ ದಿನಗಳು ಹೇಗಿದ್ದವೆಂದರೆ, ಕಿತ್ತೂರಿನಿಂದ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಕ್ಕನಿಗೆ ಫೋನು ಮಾಡುತ್ತಿದ್ದೆ. ಬೈಯಲು ಏನೂ ಇರಲಿಲ್ಲವಾಗಿ ಬೇರೆ ಮಾತು ಬಂತು. ನನ್ನ ಹೆಂಡತಿ ಹೊಸ ಮಿಕ್ಸರು ಸುಟ್ಟದ್ದು, ಕಿತ್ತೂರಿನಲ್ಲಿ ಒಬ್ಬ ಪೈಲ್ವಾನ ಸೂಜಿ ಕಂಡು ಎಚ್ಚರ ತಪ್ಪಿದ್ದು. ಅಕ್ಕ ರೊಟ್ಟಿ ಬಡಿಯುತ್ತಲೇ ನಗುತ್ತಿದ್ದಳು. ನಾನು ಸಣ್ಣವನಿದ್ದಾಗ ಮಲಪ್ರಭೆಗೆ ಬಟ್ಟೆ ಒಗೆಯಲು ಹೋಗಿ ನನ್ನ ಚಡ್ಡಿ ಹೊಳೆಯಲ್ಲಿ ಹೋದದ್ದನ್ನು ಅವಳು, ಅವಳ ಬೆನ್ನ ಹಿಂದೆ ಅವಿತು ಮನೆಗೆ ಬಂದದ್ದನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಬೈಲಹೊಂಗಲ ಬರುತ್ತಿತ್ತು. ಕಾಲು ಹೇಗಿದೆ ಎಂದರೆ "ಮಾಯಾಕ ಹತ್ತೈತಿ" ಎನ್ನುತ್ತಿದ್ದಳು. ಗೆರೆ ನನ್ನ ಕೈಯಲ್ಲೇ ಇತ್ತಲ್ಲ, ಮತ್ತೆ ಕೇಳುತ್ತಿರಲಿಲ್ಲ. ಹದಿನಾಲ್ಕು ದಿನ ಮುಗಿದಾಗ ನಾಲ್ಕನೆಯ ಸೆನ್ಸರನ್ನೂ ಹಾಗೆಯೇ ಬಸ್ಸಿನಲ್ಲಿ ಕಳಿಸಿದೆ.

ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಸಂಜೆ ಏಳರ ನಂತರ ಗೆರೆ ನಿಂತುಬಿಡುತ್ತಿತ್ತು. ರಾತ್ರಿಯದೆಲ್ಲ ಖಾಲಿ. ಬೆಳಿಗ್ಗೆ ಆರೂವರೆಗೆ ಆ ಖಾಲಿ ಜಾಗ ಒಮ್ಮೆಲೇ ತುಂಬಿಕೊಳ್ಳುತ್ತಿತ್ತು. ಅಕ್ಕ ಫೋನನ್ನು ಹೊರಗಿನ ಕೋಣೆಯಲ್ಲಿ ಚಾರ್ಜಿಗೆ ಇಟ್ಟು ಒಳಗೆ ಮಲಗುತ್ತಾಳೆ ಎಂದುಕೊಂಡೆ.

ಪಂಚಮಿ ಬಂತು. ನಮ್ಮಲ್ಲಿ ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆತರುವ ರೂಢಿ. ಅಕ್ಕನಿಗೆ ನನ್ನ ಮನೆಯೇ ತವರು. ಆದರೆ ಪಂಚಮಿಯ ಹಿಂದಿನ ದಿನ ಊರಿಗೆಲ್ಲ ರೊಟ್ಟಿ ಹಬ್ಬ, ಅವಳಿಗೆ ಉಸಿರಾಡಲು ಬಿಡುವಿಲ್ಲ. "ಮುಂದಿನ ವರ್ಷ ಬರತೇನಿ ಬಿಡೋ" ಎಂದಳು. ಗೆರೆ ಚೆನ್ನಾಗಿತ್ತು, ನಾನೂ ಒತ್ತಾಯ ಮಾಡಲಿಲ್ಲ. ಹಬ್ಬದ ದಿನ ಉಂಡಿ ತಿನ್ನುವ ಹೊತ್ತಿಗೆ ನೂರಾ ಮೂವತ್ತಕ್ಕೆ ಏರಿ, ತಾಸಿನೊಳಗೆ ಇಳಿಯಿತು. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದ ಮೈಯಲ್ಲಿ ಹಾಗೆ ಇಳಿಯುವುದಿಲ್ಲ. ಇದು ನನಗೆ ಗೊತ್ತಿರುವ ವಿಷಯ. ಗೊತ್ತಿದ್ದೂ ಅಂದು ಖುಷಿಪಟ್ಟೆ.

ಪಂಚಮಿ ಮುಗಿದು ಐದನೆಯ ದಿನ ರಜೆ ಸಿಕ್ಕಿತು. ಮುಂದಿನ ಸೆನ್ಸರು ಹಿಡಿದು ರಾಮದುರ್ಗಕ್ಕೆ ಹೋದೆ. ನೇರ ಹಿತ್ತಲಿಗೆ ನಡೆದೆ. ಒಲೆಯ ಮುಂದೆ ಆ ಹೆಣ್ಣುಮಗಳು ಒಬ್ಬಳೇ ಕೂತಿದ್ದಳು. ಸೆಕೆಗೆ ಕುಪ್ಪಸದ ತೋಳು ಮೇಲೇರಿಸಿದ್ದಳು. ತೋಳಿನ ಹಿಂದೆ ಬಿಳಿ ಗುಂಡಿ.

"ಬರ್ರಿ ಅಣ್ಣಾರ" ಎಂದು ಎದ್ದಳು. ನಾನು ಅಲ್ಲೇ ನೋಡುತ್ತಿರುವುದು ಕಂಡು ತೋಳು ಮುಂದೆ ಮಾಡಿದಳು. "ನೀವು ಕಳಿಸಿದ್ದಂತಲ್ರಿ, ತೋಳ ನೋವಿಗೆ. ಅಕ್ಕಾರ ಹಚ್ಯಾರ. ಭಾಳ ಚೊಲೋ ಆಗೈತ್ರಿ, ಅರ್ಧಾ ನೋವ ಹೋಗೇತಿ."

ಲ್ಯಾಬಿನಲ್ಲಿ ಹೊಸದಾಗಿ ಸೇರಿದವರಿಗೆ ನಾನೇ ಕಲಿಸುವ ಪಾಠವೊಂದಿದೆ. ಒಬ್ಬರ ರಿಪೋರ್ಟು ಹಿಂದಿನದಕ್ಕಿಂತ ಒಮ್ಮೆಲೇ ಬೇರೆ ಬಂದರೆ ಯಂತ್ರವನ್ನು ಬೈಯಬೇಡಿ, ದೇವರಿಗೆ ಕೈಮುಗಿಯಬೇಡಿ, ಮೊದಲು ಈ ರಕ್ತ ಅವರದೇ ಹೌದೋ ನೋಡಿ. ಇಪ್ಪತ್ತಾರು ದಿನ ನಾನು ನೋಡಿದ್ದು ಇವಳನ್ನು. ಸಂಜೆ ಏಳಕ್ಕೆ ಇವಳು ಮನೆಗೆ ಹೋಗುತ್ತಿದ್ದಳು, ಬೆಳಿಗ್ಗೆ ಆರೂವರೆಗೆ ಬಂದು ಅಕ್ಕನ ಫೋನಿನ ಹತ್ತಿರ ಕೂರುತ್ತಿದ್ದಳು. ಅವಳಿಗೆ ನಾನು, "ಚೊಲೋ ಆತಲ್ಲ" ಎಂದೆ.

ಅಕ್ಕ ಒಳಗೆ ಮಲಗಿದ್ದಳು. ಮೈ ಬಿಸಿಯಾಗಿತ್ತು. ಬಾಗಿಲಲ್ಲೇ ಆ ವಾಸನೆ ಬಂತು, ನನಗೆ ಅದು ಹೊಸದಲ್ಲ. ಅರಿಶಿನ ಹಚ್ಚಿದ ಹಳೇ ಸೀರೆಯ ಬಟ್ಟೆ ಬಿಚ್ಚಿದೆ. ಹೆಬ್ಬೆರಳು ಕಪ್ಪಾಗಿತ್ತು, ಪಾದದ ಅರ್ಧದವರೆಗೆ ಬಣ್ಣ ತಿರುಗಿತ್ತು. ಒತ್ತಿದೆ. "ನೋವು ಐತೇನ?" "ಇಲ್ಲ" ಎಂದಳು, ಚಾವಣಿ ನೋಡುತ್ತ. ಬೆರಳು ಚುಚ್ಚಿ ನೋಡಿದೆ, ನಾನೂರಾ ಹನ್ನೆರಡು. ಭಾವ ಬಂದು ಬಾಗಿಲಲ್ಲಿ ನಿಂತರು. ಗಾಯ ಕಟ್ಟಿಸಲು ಯಾಕೆ ಕರೆದೊಯ್ಯಲಿಲ್ಲ ಎಂದೆ. "ಹಬ್ಬದ ಗದ್ಲ ಮುಗೀಲಿ ಅಂದ್ಲು. ನಂಬರ್ ಚೊಲೋ ಬರಾಕ ಹತ್ಯಾವು ಅಂತ ನೀನ ಹೇಳಿದ್ಯಲ್ಲಪಾ" ಎಂದರು. ಆರೋಪವಿರಲಿಲ್ಲ ಆ ಮಾತಿನಲ್ಲಿ. ನನಗೆ ಸಿಟ್ಟು ಬರಲಿಲ್ಲ. ಬರಲಿ ಎಂದು ಕಾದೆ, ಬರಲಿಲ್ಲ.

ಅಂದೇ ಬೆಳಗಾವಿಗೆ ಒಯ್ದೆವು. ಮೂರನೆಯ ದಿನ ಮೊಣಕಾಲ ಕೆಳಗೆ ಕತ್ತರಿಸಿದರು. ಸಹಿ ನಾನೇ ಹಾಕಿದೆ. ಭಾವ ಹೊರಗೆ ಬೆಂಚಿನ ಮೇಲೆ ಕೂತು ಇಷ್ಟಲಿಂಗ ಹಿಡಿದುಕೊಂಡಿದ್ದರು. ಹುಗಿಯಲು ನಮಗೇ ಕೊಡಿ ಎಂದು ಮೊದಲೇ ಕೇಳಿದ್ದರಿಂದ ಮಧ್ಯಾಹ್ನ ಒಬ್ಬ ಸಿಸ್ಟರ್ ಹಳದಿ ಚೀಲ ತಂದರು. "ಹೆಸರು ಸರಿ ಐತೇನ ನೋಡ್ಕೊಳ್ರಿ" ಎಂದರು. ಅಂಟಿಸಿದ ಚೀಟಿ ಓದಿದೆ. ಅಕ್ಕನ ಹೆಸರು, ವಯಸ್ಸು, ಎಡಗಾಲು. ಸರಿ ಇದೆ ಎಂದು ಬರೆದು ಕೊಟ್ಟೆ. ಅಕ್ಷರಗಳು ಚೆನ್ನಾಗಿಯೇ ಬಂದವು. ಚೀಲ ಅಂದುಕೊಂಡದ್ದಕ್ಕಿಂತ ಭಾರವಿತ್ತು. ರಾಮದುರ್ಗದವರೆಗೆ ಅದು ನನ್ನ ತೊಡೆಯ ಮೇಲಿತ್ತು. ಹಿರಿಯರ ಗದ್ದುಗೆಗಳ ಪಕ್ಕ ಭಾವ ಗುಂಡಿ ತೋಡಿಸಿದ್ದರು. ವಿಭೂತಿ ಹಾಕಿ, ಮಣ್ಣು ಎಳೆದು, ಕೈ ತೊಳೆದುಕೊಂಡು ಬಂದೆವು. ಮನೆಗೆ ಬಂದು ಊಟ ಮಾಡಿದೆ. ಹಸಿವಾಗಿತ್ತು.

ಈಗ ಹದಿನೈದು ದಿನಕ್ಕೊಮ್ಮೆ ನಾನೇ ಹೋಗಿ ಸೆನ್ಸರು ಹಚ್ಚುತ್ತೇನೆ. ಕಿತ್ತೂರಿಗೆ ಆಗುವುದಿಲ್ಲ ಎಂದು ಹೇಳಿದ್ದೇನೆ. ಅಕ್ಕ ಹೊರಸಿನ ಮೇಲೆ ಕೂತು, ಕೂತಲ್ಲೇ ಹಿಟ್ಟು ನಾದಿ ಕೊಡುತ್ತಾಳೆ, ಒಲೆಗಳ ಮುಂದೆ ಈಗ ಬೇರೆ ಇಬ್ಬರು. ಇನ್ಸುಲಿನ್ ತಾನೇ ಚುಚ್ಚಿಕೊಳ್ಳುತ್ತಾಳೆ. ಗೆರೆ ಏರುತ್ತದೆ, ಇಳಿಯುತ್ತದೆ, ಅವಳದೇ ಗೆರೆ. ಮೊನ್ನೆ ತೋಳು ಒರೆಸುತ್ತ, ಇಷ್ಟು ದಿನ ಬಾಯಿಗೆ ಬಾರದ್ದನ್ನು ಕೇಳಿದೆ.

"ಅಕ್ಕಾ, ಆಗ ಹಂಗ್ಯಾಕ ಮಾಡಿದಿ?"

ಅವಳು ಬೆರಳಿಗಂಟಿದ ಹಿಟ್ಟು ಉದುರಿಸಿದಳು.

"ನಿನ್ನ ಫೋನ್ ಬಂತಂದ್ರ ಎದಿ ಧಸಕ್ ಅಂತಿತ್ತೋ. ಎತ್ತಾಕ ಅಂಜಿಕಿ, ಬಿಡಾಕ ಮನಸಿಲ್ಲ. ಆಕಿಗೆ ಹಚ್ಚಿದ ಮ್ಯಾಲ ನೀ ಮಾತಾಡಾಕ ಹತ್ತಿದಿ. ಬಸ್ಸಿನಾಗ ಕುಂತ ಮನಿ ಸುದ್ದಿ ಹೇಳತಿದ್ದಿ, ನಗತಿದ್ದಿ. ಇವತ್ತ ತಗಸೂಣು, ನಾಳೆ ತಗಸೂಣು ಅಂತ ಹಂಗ ಬಿಟ್ಟೆ." ಆಮೇಲೆ ನನ್ನ ಕಡೆ ನೋಡದೆ ಹೇಳಿದಳು, "ಚೊಲೋ ದಿನಾ ಇದ್ವು ನೋಡ ತಮ್ಮಾ ಅವು."

ನಾನು ಸೆನ್ಸರನ್ನು ತೋಳಿಗೆ ಇಟ್ಟು ಒತ್ತಿದೆ. ಕೂತಿತು. ಅಂಚು ಏಳದಂತೆ ಸುತ್ತಲೂ ಬೆರಳು ಆಡಿಸಿದೆ.

"ಹೌದಕ್ಕಾ" ಎಂದೆ. "ನನಗೂ ಚೊಲೋ ಇದ್ವು."