ನನ್ನ ಲಿವರ್, ಅಣ್ಣನ ಬಿಯರ್

ನಾನು ಕುಡುಕನೆಂದು ನಾಲ್ಕು ಜನರೆದುರು ಸಾರಿದವನು ನನ್ನ ಸ್ವಂತ ಅಣ್ಣ. ಅದೂ ಅಡಿಲೇಡಿನಲ್ಲಿ, ತಂಗಿಯ ಗೃಹಪ್ರವೇಶದ ದಿನ, ತವರಿನವರು ಉಡುಗೊರೆ ಕೊಡುವ ಹೊತ್ತಿಗೆ. ಸೀರೆಯ ತಟ್ಟೆಗೆ ನಾನು ಕೈ ಚಾಚುವ ಮೊದಲೇ ಅದನ್ನೆತ್ತಿಕೊಂಡು, "ಇವ್ನು ಮುಟ್ಟೋದು ಬೇಡಮ್ಮ. ಮೈನ್ಸಲ್ಲಿ ಕುಡ್ದು ಕುಡ್ದು ಲಿವರ್ ಹಾಳ್ಮಾಡ್ಕೊಂಡಿದಾನೆ," ಎಂದ. ನೆಂಟರೆಲ್ಲ ನನ್ನ ಮುಖವನ್ನೇ ನೋಡಿದರು. ಜನ್ಮದಲ್ಲಿ ಒಂದು ಗುಟುಕು ಬಿಯರ್ ಕುಡಿದವನಲ್ಲ ನಾನು.

ಪರ್ತಿನಿಂದ ಗಣಿಗೆ ಹೋಗಿ ಕಲ್ಲು ಪರೀಕ್ಷಿಸುವುದು ನನ್ನ ಕೆಲಸ. ಗೃಹಪ್ರವೇಶಕ್ಕೂ ಮೊದಲು ನಾನು ಸುಸ್ತು ಎಂದಾಗ, "ಸೊಪ್ಪು ತಿನ್ನೋರಿಗೆ ರಕ್ತ ಕಮ್ಮಿ ಕಣೋ, ಐರನ್ ಮಾತ್ರೆ ನುಂಗು" ಎಂದವನೂ ಇವನೇ. ನಮ್ಮವರಿಗೆ ಸುಸ್ತಿಗೆ ಗೊತ್ತಿರುವುದು ಅದೊಂದೇ ಮದ್ದು. ಪರೀಕ್ಷೆ ಗಿರೀಕ್ಷೆ ಇಲ್ಲದೆ ನುಂಗಿದೆ. ಮೈ ಕಪ್ಪಾಯಿತು, ಬೆರಳಿನ ಗಂಟುಗಳು ಬಿಗಿದವು. ಆ ಕಪ್ಪು ನೋಡಿಯೇ ಅಣ್ಣ ನನ್ನನ್ನು ಕುಡುಕನೆಂದದ್ದು. ಗೃಹಪ್ರವೇಶ ಮುಗಿಸಿ ಬಂದ ಮೇಲೆ ಪರ್ತಿನ ವಿಲೆಟನ್ನಿನ ಡಾಕ್ಟರು ರಕ್ತ ನೋಡಿ ಹೇಳಿದರು: ಮೈಯಲ್ಲಿ ಕಬ್ಬಿಣ ತುಂಬಿ ಲಿವರ್ ಕೆಟ್ಟಿದೆ, ಹುಟ್ಟಿನಿಂದ ಬಂದ ಕಾಯಿಲೆ, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಲಿ.

ತಂಗಿ ಪಾರಾದಳು. ಅಣ್ಣನಿಗೂ ಇರಲಿ ಎಂದು ನಾನು ದೇವರಿಗೆ ಕೈಮುಗಿದೆ, ಸುಳ್ಳೇಕೆ ಹೇಳಲಿ? ಇತ್ತು. ಅಪ್ಪ ಅಮ್ಮ ಇಬ್ಬರಿಂದಲೂ ಬಂದ ಅದೇ ದೋಷ. ಆದರೆ ವಾರವಾರವೂ ಬಿಯರ್ ಹೀರುವ ಅವನ ಲಿವರ್ ಗಟ್ಟಿಮುಟ್ಟಾಗಿತ್ತು! ನನಗೆ ತಲಸೇಮಿಯಾ ಎಂಬ ರಕ್ತದೋಷದ ಒಂದು ಜೀನೂ ಬಂದಿದೆಯಂತೆ. ಅದು ಸೇರಿದರೆ ಕರುಳು ಇನ್ನಷ್ಟು ಕಬ್ಬಿಣ ಹೀರುತ್ತದಂತೆ. ಅಣ್ಣನಿಗೆ ಅದು ಬಂದಿಲ್ಲ. ನನ್ನ ಹೊಟ್ಟೆ ಉರಿದುಹೋಯಿತು.

ಹಾಗೆಂದು ಬಿಟ್ಟೇನೆ? ಬ್ರಿಸ್ಬೇನಿನ ಅವನ ಮನೆಯ ಬಾರ್ಬಿಗೆ, ಅಂದರೆ ಬಾರ್ಬೆಕ್ಯೂ ಊಟಕ್ಕೆ, ಹೋದೆ. ತಂಗಿಯೂ ಅದೇ ನೆಂಟರೂ ಬಂದಿದ್ದರು. ಅಣ್ಣನ ಕೈಯಲ್ಲಿ ಮಜ್ಜಿಗೆ ಲೋಟವಿತ್ತು.

"ಬಿಯರ್ ಎಲ್ಲಣ್ಣ? ಲಿವರ್ ಹಾಳಾಯ್ತಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ.

"ಡಾಕ್ಟ್ರು ಬೇಡ ಅಂದಿದಾರೆ. ಕುಡ್ದು ಬಂದಿದ್ದಲ್ಲ ಕಣೋ ಇದು, ವಂಶದಲ್ಲೇ ಇದ್ಯಂತೆ."

"ಹಾಗಾದ್ರೆ ನಂದು?"

ಅವನು ಸುತ್ತ ನೋಡಿ, "ನಿಂದೂ ಅದೇ," ಎಂದು ಗೊಣಗಿದ.

"ಕೇಳಿಸ್ಲಿಲ್ಲ."

"ನಿಂದೂ ಅದೇ. ನೀನು ಕುಡಿಯೋನಲ್ಲ. ನಾನು ಹೇಳಿದ್ದು ತಪ್ಪು."

ಅಂದು ಅಣ್ಣನ ಮಾತು ನಂಬಿದ್ದ ತಂಗಿ ತಲೆ ತಗ್ಗಿಸಿದಳು. ಅಬ್ಬಾ, ಎಂಥ ಖುಷಿಯಾಯಿತು ನನಗೆ! ಅಣ್ಣ ಒಳಗೆ ಹೋಗಿ ನನಗೂ ಒಂದು ಲೋಟ ಮಜ್ಜಿಗೆ ತಂದ. ಅವನು ಒಂದೇ ಕೈಯಲ್ಲಿ ನೀಡಿದ ಲೋಟವನ್ನು ನಾನು ಎರಡೂ ಕೈಯಲ್ಲಿ ಹಿಡಿಯಬೇಕಾಯಿತು. ನನ್ನ ಬೆರಳುಗಳು ಈಗ ಮಡಚುವುದಿಲ್ಲ.