ಭಂಗಾರದವನು ಬರುವ ಮೊದಲು

ಎಂಜಿನ್ ಪೂರ್ತಿ ಬಿಚ್ಚಿ, ಪಿಸ್ಟನ್ನು ರಿಂಗು ಎಲ್ಲ ಹೊಸತು ಹಾಕಿಸಿ, ಬೈಕುಲ್ಲಾದ ಗ್ಯಾರೇಜಿನಿಂದ ಅಂಧೇರಿಯ ತನಕ ನಾನೇ ಓಡಿಸಿಕೊಂಡು ತಂದ ಕಾರು. ಸಂಜೆ ಅದಕ್ಕೆ ಪೂಜೆಯೂ ಆಯಿತು. ಮರುದಿನ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುಗಿಸಿದರೆ ಗರಗರ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಹಿಂದಿನ ಸೀಟಿನ ತುಂಬ ಆಫೀಸುಗಳಿಗೆ ಕೊಡಬೇಕಾದ ಊಟದ ಡಬ್ಬಿಗಳು. ಅಳು ಬರಲಿಲ್ಲ ನನಗೆ, ಮೈ ಉರಿಯಿತು.

ಭಾವ, ಅಂದರೆ ನನ್ನ ಗಂಡನ ಅಣ್ಣ, ಲುಂಗಿ ಎತ್ತಿಕಟ್ಟಿಕೊಂಡು ಮೆಟ್ಟಿಲಿಳಿದು ಬಂದರು. ಪಾರ್ಕಿಂಗ್ ಜಾಗ ಅವರದು, ಕಾರು ನನ್ನ ಗಂಡನ ಹೆಸರಲ್ಲಿ. ಅದರಲ್ಲಿ ದುಡಿಯುವವಳು ಮಾತ್ರ ನಾನು.

“ನಾನು ಆಗಲೇ ಹೇಳಿದ್ದೆ. ಸತ್ತ ಗಾಡಿಗೆ ಇಷ್ಟೆಲ್ಲ ಯಾಕೆ ಮಾರಾಯ್ತಿ? ಗುಜರಿ ಕೊಳ್ಳುವ ಭಂಗಾರದವನಿಗೆ ಫೋನ್ ಮಾಡಿದ್ದೇನೆ, ಮಧ್ಯಾಹ್ನ ಬರ್ತಾನೆ. ಅಷ್ಟರೊಳಗೆ ಸ್ಟಾರ್ಟ್ ಆದ್ರೆ ಇಟ್ಕೋ. ಇಲ್ಲದಿದ್ರೆ ಎಳ್ಕೊಂಡು ಹೋಗ್ಲಿ.”

ಗಂಡನ ಮುಖ ನೋಡಿದೆ. ಅವರು ಗೇಟಿನ ಕಡೆ ನೋಡುತ್ತಿದ್ದರು. ಅಣ್ಣನ ಎದುರು ಇವರ ಬಾಯಿಗೆ ಬೀಗ, ಮದುವೆಯಾದಂದಿನಿಂದ ಕಂಡದ್ದೇ. ಕಾರು ಹೋದರೆ ನನ್ನ ವ್ಯಾಪಾರ ಹೋಯಿತು. ಮತ್ತೆ ಭಾವನ ಹೋಟೆಲಿನ ಅಡುಗೆಮನೆ, ಭಾವ ಹೇಳಿದಂತೆ ಕಾಯಿ ತುರಿಯುವ ಕೆಲಸ. ಸಾಕಪ್ಪಾ ಸಾಕು ಎಂದು ಬಿಟ್ಟು ಬಂದಿದ್ದೆ ಅದನ್ನು.

ಡಬ್ಬಿಗಳನ್ನು ರಿಕ್ಷಾದಲ್ಲಿ ಕಳಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

“ಭಾಭೀ, ಕಲ್ ತೋ ಏಕ್ ಸೆಲ್ಫ್ ಮೇ ಚಾಲೂ ಹುವಾ ಥಾ!” ಎಂದ. ನಿನ್ನೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿತ್ತಂತೆ, ಇನ್ನು ಸಂಜೆ ಬರುತ್ತಾನಂತೆ. ಸಂಜೆ ಬಂದು ಯಾರ ತಿಥಿ ಮಾಡುತ್ತೀಯ ಎಂದು ಹಿಂದಿಯಲ್ಲೇ ರೇಗಿ ಫೋನ್ ಇಟ್ಟೆ.

ಅವನ ಗ್ಯಾರೇಜಿನಲ್ಲಿ ನಿಂತು ನೋಡಿ ನೋಡಿ ನನಗೂ ಒಂದಿಷ್ಟು ಗೊತ್ತಿತ್ತು. ಬ್ಯಾಟರಿ ಸರಿ. ಪೆಟ್ರೋಲ್ ಪಂಪಿನ ಗುಂಯ್ ಸದ್ದೂ ಕೇಳುತ್ತದೆ. ಇನ್ನುಳಿದದ್ದು ಪ್ಲಗ್ಗಿನ ಕಿಡಿ. ಬಾನೆಟ್ ಎತ್ತಿದೆ.

ಇರುವೆಗಳು! ಎಂಜಿನ್ನಿನ ಮೇಲೆ ಇರುವೆಗಳಿಗೇನು ಕೆಲಸ? ಸಾಲು ಹಿಡಿದು ನೋಡಿದರೆ ಪ್ಲಗ್ಗು ಕೂರುವ ಗುಂಡಿಯೊಳಕ್ಕೇ ಇಳಿಯುತ್ತಿವೆ. ಪ್ಲಗ್ಗಿಗೆ ಕರೆಂಟು ಕೊಡುವ ಮೇಲಿನ ಕಾಯಿಲ್ ಬಿಚ್ಚಿ ತೆಗೆದೆ. ಗುಂಡಿ ತುಂಬ ನೀರು. ಬೆರಳದ್ದಿ ಮೂಸಿದೆ. ಎಳನೀರು.

ನಮ್ಮಲ್ಲಿ ಗಾಡಿ ಪೂಜೆ ಎಂದರೆ ಚಕ್ರದಡಿಗೆ ಲಿಂಬೆ, ಎದುರಿಗೊಂದು ಕಾಯಿ, ಮುಗಿಯಿತು. ಭಾವನಿಗೆ ಅಷ್ಟು ಸಾಲದು. “ಆಪರೇಷನ್ ಆದದ್ದು ಎಂಜಿನ್ನಿಗೆ, ಪೂಜೆಯೂ ಎಂಜಿನ್ನಿಗೇ ಆಗಬೇಕು” ಎಂದು ಮಾಟುಂಗದಿಂದ ಹೂ ತಂದು ಬಾನೆಟ್ ತೆಗೆಸಿದ್ದರು. ನಾನು ಒಳಗೆ ಪಂಚಕಜ್ಜಾಯ ಕಲಸುತ್ತಿದ್ದೆ. ಹೊರಗೆ ಈ ಮಹಾನುಭಾವರು ಕಾರಿಗೆ ಅಭಿಷೇಕವನ್ನೇ ಮಾಡಿದ್ದಾರೆ!

ಹಳೆ ಬನಿಯನ್ನಿನ ಚೂರನ್ನು ಕಡ್ಡಿಗೆ ಸುತ್ತಿ ಗುಂಡಿಗಳನ್ನು ಒರೆಸಿದೆ. ಮಗಳ ಹೇರ್ ಡ್ರೈಯರ್ ತಂದು ಪ್ಲಗ್ಗು, ಕಾಯಿಲ್ ಎಲ್ಲ ಒಣಗಿಸಿದೆ. ಒರೆಸುವಷ್ಟೂ ಹೊತ್ತು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಮತ್ತೆ ಜೋಡಿಸಿ ಕೀಲಿ ತಿರುಗಿಸಿದಾಗ ಎಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಂಡಿತು.

ಸದ್ದು ಕೇಳಿ ಭಾವ ಇಳಿದು ಬಂದರು. “ನೋಡಿದ್ಯಾ? ಪೂಜೆ ಮಾಡಿದ್ದಕ್ಕೆ ಗಾಡಿ ಉಳೀತು!”

“ಪೂಜೆ ಮಾಡಿದ್ದಕ್ಕೇ ಕೆಟ್ಟದ್ದು ಭಾವ. ಪ್ಲಗ್ಗಿನ ಮೇಲೆಲ್ಲ ನಿಮ್ಮ ಎಳನೀರು. ಇನ್ನೊಮ್ಮೆ ಈ ಬಾನೆಟ್ ಮುಟ್ಟಿದ್ರೆ ನೋಡಿ!”

“ನಾಲಗೆ ಎಷ್ಟುದ್ದ ಆಗಿದೆ ನೋಡು ಇವಳದ್ದು” ಎಂದು ತಮ್ಮನಿಗೆ ಹೇಳಿ ಅವರು ಮೇಲೆ ಹೋದರು.

ಅಣ್ಣ ಮರೆಯಾದ ಮೇಲೆ ಇವರು ಕಿಟಕಿಯ ಹತ್ತಿರ ಬಗ್ಗಿದರು. “ನಂಗೆ ಆಗಲೇ ಡೌಟ್ ಬಂದಿತ್ತು ಮಾರಾಯ್ತಿ. ಅಣ್ಣ ಹೊಯ್ಯುವಾಗ ಹರಿವಾಣ ಹಿಡಿದದ್ದು ನಾನೇ ಅಲ್ವಾ? ಒಳಗೆ ಇಳೀತಾ ಉಂಟು ಅಂತ ಕಂಡಿತು. ಅಣ್ಣನಿಗೆ ಹೇಗೆ ಹೇಳುವುದು?”

“ಬೆಳಿಗ್ಗೆ ನನಗೆ ಹೇಳಬಹುದಿತ್ತಲ್ಲ?”

“ನಿಂಗೆ ಹೇಳಿದ್ರೆ ನೀನು ಅಣ್ಣನಿಗೆ ಹೇಳದೆ ಬಿಡ್ತಿದ್ಯಾ?”

ಭಾವನ ಮೇಲಿದ್ದ ಸಿಟ್ಟು ಅಲ್ಲಿಗೆ ಏನೂ ಅಲ್ಲವಾಯಿತು. ಇವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಗೇಟು ನೋಡುತ್ತ ನಿಂತಿದ್ದರು.

ಅಷ್ಟರಲ್ಲಿ ಭಂಗಾರದವನ ಟೆಂಪೋ ಒಳಗೆ ಬಂತು. ಖಾಲಿ ಡಬ್ಬಿ ತರಲು ನಾನು ಗೇರ್ ಹಾಕಿದೆ. ಜೊತೆಗೆ ಬರುತ್ತೇನೆಂದು ಇವರು ಪಕ್ಕದ ಬಾಗಿಲಿಗೆ ಕೈ ಹಾಕಿದರು. ನಾನು ಲಾಕ್ ಒತ್ತಿದೆ.

“ಪಾಪ, ಅಷ್ಟು ದೂರದಿಂದ ಬಂದಿದ್ದಾನೆ. ಖಾಲಿ ಕಳಿಸಬೇಡಿ” ಎಂದೆ. “ನೀವೇ ಹತ್ತಿ ಹೋಗಿ.”